ಉಡ ಬಂದ ಬಾಗಿಲು

ಮನುಷ್ಯರಲ್ಲಿ ಇರುವುದು ಎರಡೇ ಕುಲ, ಒಂದು ಉಡ, ಇನ್ನೊಂದು ಕಾಡುಪಾಪ ಎಂಬುದು ನನ್ನ ಗೆಳೆಯ ದ್ಯಾವಯ್ಯನ ಸಿದ್ಧಾಂತ. ಮಾರುದ್ದದ ಉಡ ಗೋಡೆ ಕಚ್ಚಿತೆಂದರೆ ಬಾಲ ಹಿಡಿದೆಳೆದರೂ ಬಿಡದು. ಅಂಗೈಯಲ್ಲಿ ಕೂರುವ ಕಾಡುಪಾಪ ಕೊಂಬೆಯ ಮೇಲಿಂದ ಬಟ್ಟಲುಗಣ್ಣಲ್ಲಿ ಎಲ್ಲವನ್ನೂ ನೋಡಿ, ಬ್ಯಾಟರಿ ಬೆಳಕು ಬಿದ್ದೊಡನೆ ಮುಖ ಮುಚ್ಚಿಕೊಳ್ಳುತ್ತದೆ. ಕಟ್ಟಾಯದ ಸುತ್ತ ಅರಣ್ಯ ಇಲಾಖೆಯ ದಿನಗೂಲಿ ವಾಚರ್ ಆಗಿ ಇಪ್ಪತ್ತು ವರ್ಷ ಎರಡನ್ನೂ ಕಂಡವನು ಅವನು. ಗುಂಡಿ ಉದುರಿದ ಖಾಕಿ ಕೋಟು, ತರಗೆಲೆಗೂ ಕೇಳಿಸದ ನಡಿಗೆ, ಪ್ರತಿ ಮಾತಿನ ತುದಿಗೊಂದು 'ಅಲ್ವರಾ ಸಾ'. ಹೊಳೆನರಸೀಪುರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ನನ್ನನ್ನೂ ಊರವರೆದುರು ಅವನು 'ಸಾ' ಎನ್ನುತ್ತಿದ್ದ. ನಾನು ಒಂದು ದಿನವೂ ಬೇಡವೆನ್ನಲಿಲ್ಲ.

ಹೋದ ವರ್ಷ ನನ್ನ ದೊಡ್ಡಪ್ಪ ತಿಮ್ಮಪ್ಪನವರ ಮನೆಗೆ ಹಾಡಹಗಲೇ ಉಡ ನುಗ್ಗಿ ದೇವರಕೋಣೆಯ ಮೂಲೆ ಹಿಡಿಯಿತು. ಉಡ ಹೊಕ್ಕ ಮನೆ ಬಿಡಬೇಕೆಂಬ ನಂಬಿಕೆ ನಮ್ಮದು. ಅವರ ಮಗಳು ಮೇಘಶ್ರೀಯ ನಿಶ್ಚಿತಾರ್ಥಕ್ಕೆ ಐದೇ ದಿನ. ದ್ಯಾವಯ್ಯನಿಗೆ ಫೋನು ಹೋಯಿತು. ಬಂದವನು ಜಗಲಿಯ ಮೆಟ್ಟಿಲಿಗೆ ಕಾಲಿಟ್ಟ.

"ಇತ್ಲು ಕಡೆಯಿಂದ ಬಾರ್ಲಾ ದ್ಯಾವ," ಎಂದರು ದೊಡ್ಡಪ್ಪ.

"ಉಡ ಮುಂಬಾಗ್ಲಲ್ಲೇ ಬಂದದೆ ಗೌಡ್ರೇ. ಅದುನ್ನ ಯಾರೂ ಇತ್ಲಿಗೆ ಕಳಿಸ್ಲಿಲ್ಲ. ನಾನೂ ಇಂಗೇ ಓಯ್ತೀನಿ."

ಬೇರೆ ದಾರಿಯಿರಲಿಲ್ಲ, ಬಿಟ್ಟರು. ಒಂದೊಂದೇ ಉಗುರು ಬಿಡಿಸಿ, ಗೋಣಿಚೀಲಕ್ಕೆ ಇಳಿಸಿ, ಅದೇ ಬಾಗಿಲಿನಿಂದ ಹೊರಬಂದ. ಅವನಿನ್ನೂ ಅಂಗಳ ದಾಟಿರಲಿಲ್ಲ, ದೊಡ್ಡಮ್ಮ ಪುಟ್ಟತಾಯಮ್ಮ ದೇವರಕೋಣೆಯಿಂದ ಹೊಸಿಲವರೆಗೆ ಗಂಜಲ ಎರಚತೊಡಗಿದರು. ದ್ಯಾವಯ್ಯ ತಿರುಗಿ ನಿಂತ.

"ಇದು ಯಾರ್ ಎಜ್ಜೆಗೆ ತಾಯಿ? ನಂದುಕ್ಕೋ, ಉಡದ್ದುಕ್ಕೋ?"

ದೊಡ್ಡಮ್ಮ ಎರಚುತ್ತಲೇ ಇದ್ದರು. ಅವನು ನನ್ನನ್ನು ನೋಡಿದ. ಉತ್ತರ ನನಗೆ ಗೊತ್ತಿತ್ತು. ನಾನು ಮೊಬೈಲಿಗೆ ಮುಖ ಹುದುಗಿಸಿದೆ.

"ನೀನು ಕಾಡುಪಾಪ ಕಣ್ಲಾ," ಎಂದ, 'ಸಾ' ಬಿಟ್ಟು. "ಕಣ್ಣೇನೋ ದೊಡ್ಡವು."

ಆಮೇಲೆ ಅವನು ನಮ್ಮ ಬೀದಿಗೆ ಬಂದಿಲ್ಲ. ನಿಶ್ಚಿತಾರ್ಥ ಸಾಂಗವಾಗಿ ನಡೆಯಿತು. ನಾನೇ ಮುಂದೆ ನಿಂತು ಬಡಿಸಿದೆ. ಆ ಅನ್ನ ಇವತ್ತಿಗೂ ನನಗೆ ಅರಗಿಲ್ಲ. ದ್ಯಾವಯ್ಯನಂಥವರು ನ್ಯಾಯವಾದ ಒಂದು ಪ್ರಶ್ನೆಯನ್ನು ಹಿಡಿದರೆ ತಲೆಮಾರು ಕಳೆದರೂ ಬಿಡುವುದಿಲ್ಲ. ಊರು ಅವರನ್ನು ಹಟಮಾರಿಗಳೆನ್ನುತ್ತದೆ. ಎಲ್ಲವನ್ನೂ ಕಂಡು ಮುಖ ಮುಚ್ಚಿಕೊಳ್ಳುವ ನಮ್ಮಂಥವರನ್ನು ಅದೇ ಊರು ಒಳ್ಳೆಯವರು ಎನ್ನುತ್ತದೆ.