ಬಾವಿ ನೀರು ಕೆಂಪಾಗುವ ತನಕ

ಅತ್ತೆಯ ಸಸಿತೋಟದಲ್ಲಿ ಎಲೆಗಳ ಅಂಚು ಸುಟ್ಟು ಕಂದಾಗತೊಡಗಿ ತಿಂಗಳಾಗಿತ್ತು. ಬಾವಿಗೆ ಉಪ್ಪುನೀರು ನುಗ್ಗಿದೆ, ಮುಚ್ಚಿಸಿ ಜಾಗ ಮಾರಿಬಿಡೋಣ ಎಂದು ಮಗ ಒಂದೇ ಸಮನೆ ತಲೆ ತಿನ್ನುತ್ತಿದ್ದ. ಅತ್ತೆ ಸುಲಭಕ್ಕೆ ಜಗ್ಗುವ ಪೈಕಿ ಅಲ್ಲ. ಆದರೆ ಸುಟ್ಟ ಎಲೆ ಕಣ್ಣೆದುರಿಗೇ ಇರುವಾಗ ಎಷ್ಟು ದಿನ ಅಂತ ವಾದ ಮಾಡುವುದು? ಕೊನೆಗೆ ಸೊಸೆಯನ್ನು ಹಿಡಿದರು. ಅವಳಿಗೆ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ.

"ನೀನೇ ನೋಡಿ ಹೇಳು. ಉಪ್ಪು ಅಂತಾದ್ರೆ ನಾಳೇನೇ ಸಹಿ ಹಾಕ್ತೀನಿ. ಆದ್ರೆ ನನ್ನ ಕಣ್ಮುಂದೆ ನೋಡ್ಬೇಕು."

ರಜೆಯ ದಿನ ಬೆಳಿಗ್ಗೆ ಸೊಸೆ ಹಿತ್ತಲ ಶೆಡ್ಡಿನ ಮೇಜಿನ ಮೇಲೆ ಸಾಮಾನು ಹರಡಿದಳು. ಹಿಂದಿನ ದಿನವೇ ತಂದಿಟ್ಟಿದ್ದ ಗಾಜಿನ ಫ್ಲಾಸ್ಕುಗಳು ಫಳಫಳ ಹೊಳೆಯುತ್ತಿದ್ದವು. ಅತ್ತೆ ಸ್ಟೂಲು ಎಳೆದುಕೊಂಡು ಕೂತರು.

"ಈ ಬಾಟ್ಲಿ ಯಾಕೆ ಕಪ್ಪಗಿದೆ?"

"ಬೆಳಕು ಬಿದ್ರೆ ಒಳಗಿರೋದು ಕೆಡುತ್ತೆ ಅತ್ತೆ. ಬೆಳ್ಳೀನ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಮಾಡಿದ ಲವಣ, ಸಿಲ್ವರ್ ನೈಟ್ರೇಟ್. ಕೈಗೆ ತಾಗಿದ್ರೆ ಕಪ್ಪು ಕಲೆ, ವಾರವಾದ್ರೂ ಹೋಗಲ್ಲ."

"ಬೆಳ್ಳಿ ಕರಗಿಸಿ ನೀರು ಮಾಡ್ತಾರಾ! ಎಂಥಾ ಜನ ಅಪ್ಪಾ!"

ಸೊಸೆ ನಕ್ಕು, ಪ್ರಯೋಗಾಲಯದಿಂದ ತಂದ ಪುಟ್ಟ ಕೊಳವೆಯಲ್ಲಿ ಪೊಟ್ಯಾಸಿಯಂ ಕ್ರೋಮೇಟಿನ ಹಳದಿ ದ್ರಾವಣ ಹಾಕಿ, ಮೇಲಿಂದ ಬೆಳ್ಳಿ ದ್ರಾವಣದ ಒಂದು ಹನಿ ಬಿಟ್ಟಳು. ಹಳದಿಯೊಳಗೆ ಇಟ್ಟಿಗೆ ಬಣ್ಣದ ಕೆಂಪು ಮೋಡ ಎದ್ದು, ಪುಡಿಯಾಗಿ ತಳಕ್ಕಿಳಿಯಿತು. ಅತ್ತೆ ಬಾಯಿ ಬಿಟ್ಟುಕೊಂಡು ನೋಡಿ ಬೆರಳು ಚಾಚಿದರು.

"ಮುಟ್ಬೇಡಿ, ವಿಷ! ಇದು ಸಿಲ್ವರ್ ಕ್ರೋಮೇಟ್. ನೀರಲ್ಲಿ ಕರಗಲ್ಲ. ಆದ್ರೆ ನೀರಲ್ಲಿ ಉಪ್ಪಿದ್ರೆ ಬೆಳ್ಳಿ ಮೊದಲು ಉಪ್ಪಿನ ಜೊತೆ ಸೇರಿ ಬೆಳ್ಳಗೆ ಒಡೆದ ಹಾಲಿನ ಥರ ಆಗುತ್ತೆ. ಉಪ್ಪು ಪೂರ್ತಿ ಮುಗಿದ ಮೇಲೇ ಈ ಕೆಂಪು ನಿಲ್ಲೋದು. ಬೇಗ ಕೆಂಪಾದ್ರೆ ಸಿಹಿನೀರು."

"ಹಾಗಾದ್ರೆ ಬೇಗ ಕೆಂಪಾಗಪ್ಪಾ," ಎಂದರು ಅತ್ತೆ ಫ್ಲಾಸ್ಕಿಗೆ.

ಬಾವಿ ನೀರು, ಎರಡು ಹನಿ ಹಳದಿ, ಮೇಲೆ ಹನಿ ಅಳೆದು ಬಿಡುವ ಉದ್ದನೆಯ ಗಾಜಿನ ಕೊಳವೆ, ಬ್ಯುರೆಟ್ಟಿನಿಂದ ಬೆಳ್ಳಿ ದ್ರಾವಣ. ಹನಿ ಬಿದ್ದಲ್ಲಿ ಕೆಂಪು ಮಿಂಚುವುದು, ಅಲುಗಾಡಿಸಿದರೆ ಮಾಯ. ಮತ್ತೆ ಮಿಂಚುವುದು, ಮತ್ತೆ ಮಾಯ. ನೀರು ಬೆಳ್ಳಗಾಗುತ್ತಾ ಹೋಯಿತೇ ಹೊರತು ಕೆಂಪು ನಿಲ್ಲಲಿಲ್ಲ. ಬ್ಯುರೆಟ್ ಅರ್ಧಕ್ಕೂ ಕೆಳಗಿಳಿಯಿತು. ಅತ್ತೆಯ ಮುಖ ಸಪ್ಪಗಾಯಿತು.

"ಬಿಡು, ಮುಗೀತು. ಅವನು ಹೇಳಿದ್ದೇ ಸರಿ," ಎಂದು ಎದ್ದರು.

ಸೊಸೆಗೆ ಒಂದು ಅನುಮಾನ ಹುಟ್ಟಿತು. ಇಷ್ಟು ಉಪ್ಪಿದ್ದರೆ ನೀರು ಬಾಯಿಗೆ ಹಾಕಲಾಗುತ್ತಿರಲಿಲ್ಲ. ಮನೆಮಂದಿಯೆಲ್ಲ ಅದನ್ನೇ ಕುಡಿಯುತ್ತಿದ್ದೇವಲ್ಲ! ಇನ್ನೊಂದು ಫ್ಲಾಸ್ಕಿಗೆ ಬಟ್ಟಿ ಇಳಿಸಿದ ನೀರು ಸುರಿದಳು. ಉಪ್ಪಿನ ಸುಳಿವೂ ಇರದ ನೀರು, ಮೊದಲ ಹನಿಗೇ ಕೆಂಪಾಗಬೇಕು. ಅದೂ ಬೆಳ್ಳಗೆ ಒಡೆಯಿತು.

"ಅತ್ತೆ, ಈ ಫ್ಲಾಸ್ಕುಗಳನ್ನ ಯಾರಾದ್ರೂ ಮುಟ್ಟಿದ್ರಾ?"

"ನಾನೇ ತೊಳೆದಿಟ್ಟೆ ಕಣೇ. ಮಂಕಾಗಿದ್ವು. ಕಲ್ಲುಪ್ಪು ಹಾಕಿ ಉಜ್ಜಿ, ಬಟ್ಟೇಲಿ ಒರೆಸ್ದೆ. ಹೆಂಗೆ ಹೊಳೀತಿವೆ ನೋಡು!"

ಸೊಸೆ ತಲೆ ಚಚ್ಚಿಕೊಂಡಳು. ಬೈಯುವುದಾದರೂ ಯಾರನ್ನು? ಹೊಳಪು ನೋಡಿ ಮರುಳಾಗಿ, ತೊಳೆಯದೇ ಬಳಸಿದ್ದು ತಾನೇ ತಾನೆ? ಬಟ್ಟಿ ನೀರಿನಲ್ಲಿ ಎಲ್ಲವನ್ನೂ ಜಾಲಾಡಿಸಿ ಮತ್ತೆ ಬಾವಿ ನೀರು ಹಾಕಿದಳು. ಬ್ಯುರೆಟ್ಟಿನಿಂದ ಸ್ವಲ್ಪ ಇಳಿಯಿತೋ ಇಲ್ಲವೋ, ಕೆಂಪು ಬಂದು ನಿಂತಿತು. ಎಷ್ಟು ಅಲುಗಾಡಿಸಿದರೂ ಹೋಗಲಿಲ್ಲ.

"ಸಿಹಿನೀರು ಅತ್ತೆ! ಬಾವಿ ಚೆನ್ನಾಗಿದೆ!"

ಅತ್ತೆ ಚಪ್ಪಾಳೆ ತಟ್ಟಿದವರು ಅರ್ಧಕ್ಕೇ ನಿಲ್ಲಿಸಿದರು. "ಮತ್ತೆ ಎಲೆ ಯಾಕೆ ಸುಡ್ತಿದೆ?"

ಸೊಸೆ ಹೊರಗೆ ನೋಡಿದಳು. ಸಾಲಾಗಿ ಮಣ್ಣಿನ ಕುಂಡಗಳು, ಒಂದರಲ್ಲೂ ಪಾಚಿಯಿಲ್ಲ. ಕೇಳಲು ಅಂಜಿಕೆಯಾಯಿತು, ಆದರೂ ಕೇಳಿದಳು. "ಕುಂಡ ಏನು ಹಾಕಿ ತೊಳೀತೀರಿ?"

ಅತ್ತೆ ತಾವೇ ಹೋಗಿ, ಒಂದು ಕುಂಡಕ್ಕೆ ಬಟ್ಟಿ ನೀರು ಸುರಿದು, ತಳದ ತೂತಿನಿಂದ ಸೋರಿದ್ದನ್ನು ಹಿಡಿದು, ಬಟ್ಟೆಯಲ್ಲಿ ಸೋಸಿ ತಂದರು. ಹನಿ ಬಿದ್ದವು. ಕೆಂಪು ಮಿಂಚಿತು, ಮಾಯವಾಯಿತು. ಬ್ಯುರೆಟ್ ಖಾಲಿಯಾದರೂ ನೀರು ಬೆಳ್ಳಗೇ ಇತ್ತು.

"ಹೊಸ ಪಾಚಿ ಕಟ್ಬಾರ್ದು ಅಂತ ಗಿಡ ನೆಡೋ ಮುಂಚೆ ಕುಂಡಾನ ರಾತ್ರಿಯಿಡೀ ಉಪ್ಪುನೀರಲ್ಲಿ ನೆನೆಹಾಕ್ತಿದ್ದೆ. ಕುಂಡದ ಮಣ್ಣೆಲ್ಲ ಉಪ್ಪು ಕುಡಿದುಬಿಟ್ಟಿದೆ," ಎಂದರು. ಕಣ್ಣು ತುಂಬಿತ್ತು. "ಈ ಗಿಡಗಳನ್ನ ಮಕ್ಕಳಿಗಿಂತ ಹೆಚ್ಚಾಗಿ ನೋಡ್ಕೊಂಡೆ ಅಂದ್ಕೊಂಡಿದ್ದೆನಲ್ಲೇ."

ಸೊಸೆ ಅವರ ಭುಜ ಹಿಡಿದುಕೊಂಡಳು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಹತ್ತಿರದ ಗಿಡವನ್ನು ಬೇರುಸಮೇತ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು. ಕುಂಡವನ್ನು ಕಲ್ಲಿಗೆ ಅಪ್ಪಳಿಸಿದರು.

"ಅವನಿಗೆ ಫೋನ್ ಮಾಡು. ಬಾವಿದೇನೂ ತಪ್ಪಿಲ್ಲ, ತಪ್ಪು ನಿಮ್ಮಮ್ಮಂದೇ ಅಂತ ಹೇಳು," ಎಂದು ಇನ್ನೊಂದು ಕುಂಡಕ್ಕೆ ಕೈ ಹಾಕಿದರು.