ಐದನೇ ಗುಳಿಯ ನಾಣ್ಯ

ಔಷಧಿ ಅಂಗಡಿಗೆ ಬರುವವರೆಲ್ಲ ಅವಳನ್ನು ಮಿಲಿಗ್ರಾಂ ಅಕ್ಕ ಎಂದೇ ಕರೆಯುತ್ತಿದ್ದರು. ಮುಲಾಮು ಬೆರೆಸುವಾಗ ತಕ್ಕಡಿಯ ಅಂಕಿ ಅಲುಗಾಡುವುದು ನಿಲ್ಲುವವರೆಗೆ ಅವಳು ಉಸಿರೂ ಬಿಡುವುದಿಲ್ಲ ಎಂಬುದು ಒಂದು ಕಾರಣ. "ಒಂದು ಚಿಟಿಕೆ ಹೆಚ್ಚಾದ್ರೆ ಏನಾಗುತ್ತೆ ಅಕ್ಕಾ?" ಎಂದು ಕೇಳಿದವರಿಗೆ ಏನೇನಾಗುತ್ತದೆ ಎಂದು ಹತ್ತು ನಿಮಿಷ ನಿಲ್ಲಿಸಿಕೊಂಡು ವಿವರಿಸುತ್ತಾಳೆ ಎಂಬುದು ಇನ್ನೊಂದು. ಎರಡನೇ ಸಲ ಯಾರೂ ಕೇಳಿದ್ದಿಲ್ಲ.

ಇಂಥವಳು ನಾಣ್ಯ ಕೂಡಿಡಲು ಹೊರಟರೆ ಡಬ್ಬಗಟ್ಟಲೆ ಸುರಿದುಕೊಳ್ಳುವವಳಲ್ಲ. ಇಪ್ಪತ್ತು ವರ್ಷದ ಹಿಂದೆ ಬಡಗಿಯಿಂದ ಹನ್ನೆರಡು ಗುಳಿಗಳಿರುವ ಮರದ ತಟ್ಟೆಯೊಂದನ್ನು ಮಾಡಿಸಿದ್ದಳು. ಹನ್ನೆರಡೇ. ಹದಿಮೂರನೆಯದು ಬೇಕೆನಿಸಿದರೆ ಒಂದು ಹೊರಗೆ ಹೋಗಬೇಕು. ಒಳಗೆ ಬರುವ ನಾಣ್ಯಕ್ಕೂ ಒಂದು ಷರತ್ತಿತ್ತು: ಅದನ್ನು ಮಾಡಿದವನ ಯಾವುದಾದರೂ ಒಂದು ತೀರ್ಮಾನ ಅದರಲ್ಲಿ ಕಾಣಿಸಬೇಕು. ದಾರಕ್ಕೆ ಪೋಣಿಸಲು ಅನುಕೂಲವಾಗಲೆಂದು ನಡುವೆ ತೂತು ಕೊರೆದದ್ದು ಒಂದು. ದುಂಡಗೆ ಕತ್ತರಿಸುವ ಗೋಜೇ ಬೇಡವೆಂದು ಚೌಕವಾಗಿ ಬಿಟ್ಟದ್ದು ಒಂದು. ಸೋತ ರಾಜನ ನಾಣ್ಯವನ್ನೇ ತಂದು ಅದರ ಮೇಲೆ ಗೆದ್ದವನ ಅಚ್ಚು ಒತ್ತಿದ್ದು ಇನ್ನೊಂದು. ಅದರಲ್ಲಿ ಸೋತವನ ಕಿವಿ ಈಗಲೂ ಗೆದ್ದವನ ಗಡ್ಡದ ಕೆಳಗೆ ಇಣುಕುತ್ತಿತ್ತು. ಪ್ರತಿ ಗುಳಿಯ ಕೆಳಗೂ ಒಂದು ಚೀಟಿ. ಆ ನಾಣ್ಯ ಅಲ್ಲಿ ಏಕಿದೆ ಎಂಬುದಕ್ಕೆ ಚೀಟಿಯಲ್ಲಿ ಒಂದೇ ವಾಕ್ಯ.

ಹನ್ನೊಂದು ಗುಳಿ ತುಂಬಿದ್ದವು. ಹನ್ನೆರಡನೆಯದರಲ್ಲಿ ಯಾವುದು ಕೂರಬೇಕೆಂದು ಆರು ವರ್ಷದಿಂದ ಅವಳಿಗೆ ಗೊತ್ತಿತ್ತು. ಅದು ಭೂತಗನ್ನಡಿ ಅಜ್ಜನ ಅಂಗಡಿಯಲ್ಲಿತ್ತು.

ಪುಸ್ತಕ ಕಟ್ಟುವವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಜ್ಜ ಹಳೆ ನಾಣ್ಯ ಮಾರುತ್ತಿದ್ದರು. ಕೊರಳಲ್ಲಿ ಸದಾ ಭೂತಗನ್ನಡಿ ತೂಗಾಡುತ್ತಿದ್ದುದರಿಂದ ಆ ಹೆಸರು. ಅವಳ ಕಣ್ಣು ಬಿದ್ದದ್ದು ಉಗುರಿನಷ್ಟಗಲದ ಒಂದು ಬೆಳ್ಳಿ ನಾಣ್ಯದ ಮೇಲೆ. ಅದರಲ್ಲೊಂದು ಹಡಗು. ಹಾಯಿ ಬಲಕ್ಕೆ ಉಬ್ಬಿದೆ, ಕಂಬದ ತುದಿಯ ಬಾವುಟ ಎಡಕ್ಕೆ ಹಾರುತ್ತಿದೆ. ಒಂದೇ ಹಡಗಿಗೆ ಎರಡು ಗಾಳಿ. ಅಚ್ಚು ಕೆತ್ತಿದವನು ಸಮುದ್ರವನ್ನೇ ಕಂಡಿರಲಿಲ್ಲವೋ, ಅಥವಾ ಬಲಗಡೆ ಜಾಗ ಸಾಲದೆ ಬಾವುಟವನ್ನು ಎಡಕ್ಕೆ ತಿರುಗಿಸಿದನೋ. ಮೊದಲ ಸಲ ನೋಡಿದಾಗ ಅಂಗಡಿಯಲ್ಲೇ ನಿಂತು ಗಟ್ಟಿಯಾಗಿ ನಕ್ಕುಬಿಟ್ಟಿದ್ದಳು.

ಆದರೆ ದುಡ್ಡು ಹಿಡಿದು ಬಂದವರಿಗೆಲ್ಲ ಅಜ್ಜ ಮಾರುವವರಲ್ಲ. ಹಿಂದೊಮ್ಮೆ ಯಾರೋ ಅವರಿಂದ ಕೊಂಡ ನಾಣ್ಯಗಳ ಜೊತೆ ಖೋಟಾ ನಾಣ್ಯಗಳನ್ನು ಬೆರೆಸಿ, "ಎಲ್ಲಾ ಅಜ್ಜನ ಅಂಗಡಿಯವೇ" ಎಂದು ಮಾರಿ ಅವರ ಮರ್ಯಾದೆ ಕಳೆದಿದ್ದ. ಅಂದಿನಿಂದ ಕೊಳ್ಳುವವರ ಮನೆಗೇ ಹೋಗಿ ಅವರ ಸಂಗ್ರಹ ನೋಡಿ, ಒಂದೇ ಒಂದು ಖೋಟಾ ಕಂಡರೂ ಎದ್ದು ಬರುವುದು ಅವರ ಪದ್ಧತಿ.

ಕೊನೆಗೂ ಅಜ್ಜ ಹೇಳಿದರು. "ಭಾನುವಾರ ಬರ್ತೀನಮ್ಮ. ಹಡಗು ಜೇಬಲ್ಲೇ ಇರುತ್ತೆ. ತಟ್ಟೆ ಚೊಕ್ಕಟವಾಗಿದ್ರೆ ಬಿಟ್ಟು ಬರ್ತೀನಿ."

ಅವಳು ಸಂತೋಷದಿಂದ ಅರ್ಧ ದಾರಿ ನಡೆದ ಮೇಲೆ ಐದನೇ ಗುಳಿ ನೆನಪಾಯಿತು.

ಐದನೇ ಗುಳಿಯ ನಾಣ್ಯ ತಂದದ್ದು ಅವಳ ಗಂಡ. ಅವನು ಡ್ರೈವಿಂಗ್ ಕಲಿಸುವ ಮೇಷ್ಟ್ರು. ಒಂಬತ್ತು ವರ್ಷದ ಹಿಂದೆ ಯಾವುದೋ ಊರಿಗೆ ಹೋದವನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು, "ಮೇಜಿಗೆ ಬಡಿದು ಕಿವಿಗೊಟ್ಟು ಕೇಳಿದೀನಿ ಕಣೇ. ಇಂಜಿನ್ ಚೆನ್ನಾಗಿದೆ," ಎಂದು ಅವಳ ಅಂಗೈಗೆ ಹಾಕಿದ್ದ. ಬೆಳ್ಳಿಯದು, ರಾಜನ ಮುಖ. ಅವನು ಸ್ನಾನಕ್ಕೆ ಹೋದ ಮೇಲೆ ಅವಳು ತೂಗಿದಳು. ಇರಬೇಕಾದ್ದಕ್ಕಿಂತ ಒಂದೂಕಾಲು ಗ್ರಾಂ ಕಡಿಮೆ. ಅಷ್ಟು ಸಾಕಾಗಿತ್ತು; ಬೆಳ್ಳಿ ಹೊದಿಸಿದ ತಾಮ್ರ, ಖೋಟಾ. ಅವನು ತಲೆ ಒರೆಸಿಕೊಳ್ಳುತ್ತಾ ಬಂದು "ಹೇಗಿದೆ?" ಎಂದಾಗ "ಚೆನ್ನಾಗಿದೆ" ಎಂದಿದ್ದಳು. ಚೀಟಿಯಲ್ಲಿ ಸುಳ್ಳು ಬರೆಯಲು ಮಾತ್ರ ಕೈ ಬರಲಿಲ್ಲ. ಬಹಳ ಹೊತ್ತು ಯೋಚಿಸಿ, "ಇದನ್ನು ನಮ್ಮನೆಯವರು ತಂದರು" ಎಂದು ಬರೆದಿದ್ದಳು. ಆಮೇಲೆ ಆ ಗುಳಿಯ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಮನೆಗೆ ಬಂದವರಿಗೆಲ್ಲ ಗಂಡ ಮೊದಲು ತೋರಿಸುತ್ತಿದ್ದದ್ದು ಅದನ್ನೇ.

ಶನಿವಾರ ಮಧ್ಯಾಹ್ನ ಅತ್ತೆಯ ಹತ್ತಿರ ಬಾಯಿ ಬಿಟ್ಟಳು.

"ಅಷ್ಟೇ ತಾನೆ?" ಎಂದರು ಅತ್ತೆ. "ನನ್ನ ಕೈಗೆ ಕೊಡು. ಅವನು ಕೇಳಿದ್ರೆ ನಾನೇ ಎಲ್ಲೋ ಕಳೆದುಹಾಕಿದೆ ಅಂತೀನಿ. ಈ ವಯಸ್ಸಲ್ಲಿ ನನ್ನನ್ನ ಯಾರು ಬೈತಾರೆ?"

"ಸುಳ್ಳು ಹೇಳ್ತೀರಾ ಅತ್ತೆ?"

"ಒಂಬತ್ತು ವರ್ಷದಿಂದ ಹೇಳ್ತಿರೋಳು ನನ್ನನ್ನ ಕೇಳ್ತಾಳೆ ನೋಡು."

ಅವಳು ನಾಣ್ಯವನ್ನು ಎತ್ತಿಕೊಂಡಳು. ಅಷ್ಟರಲ್ಲಿ ಬಾಗಿಲ ಬಳಿ ಚಪ್ಪಲಿ ಬಿಡುವ ಸದ್ದು.

"ನಾಳೆ ಎರಡು ಕ್ಲಾಸ್ ರದ್ದು ಮಾಡಿದೀನಿ," ಎನ್ನುತ್ತಾ ಗಂಡ ಒಳಗೆ ಬಂದ. "ಅಷ್ಟು ದೊಡ್ಡ ಮನುಷ್ಯರು ನನ್ನ ನಾಣ್ಯ ನೋಡಿ ಏನಂತಾರೋ ಕೇಳಬೇಡ್ವಾ?"

ಅವಳು ನಾಣ್ಯವನ್ನು ಮೆತ್ತಗೆ ಗುಳಿಗೆ ಇಳಿಸಿದಳು. ಅತ್ತೆ ಗೋಡೆಯ ಕಡೆ ತಿರುಗಿ ಕೆಮ್ಮಿದರು.

ಭಾನುವಾರ ಅಜ್ಜ ಹೇಳಿದ ಹೊತ್ತಿಗೆ ಸರಿಯಾಗಿ ಬಂದು, ಚಹಾ ಬೇಡವೆಂದು ಸನ್ನೆ ಮಾಡಿ, ತಟ್ಟೆಯ ಮುಂದೆ ಕುಳಿತರು. ನೋಡಲು ಶುರು ಮಾಡಿದ್ದು ಕೊನೆಯ ಗುಳಿಯಿಂದ. ಈಚೆಗೆ ಕೊಂಡದ್ದರಲ್ಲೇ ಜನ ಎಡವುವುದು ಎಂಬುದು ಅವರ ಲೆಕ್ಕಾಚಾರ. ಹನ್ನೊಂದನೆಯದು ನೋಡಿ ತಲೆಯಾಡಿಸಿದರು. ಹತ್ತನೆಯದಕ್ಕೂ ಹಾಗೇ. ಒಂಬತ್ತನೆಯದನ್ನು ಎತ್ತಿದವರು ಹುಬ್ಬನ್ನೂ ಎತ್ತಿದರು. ಅದು ನಿನ್ನೆ ಅಚ್ಚಾದಂತೆ ಹೊಳೆಯುವ ಬೆಳ್ಳಿ ನಾಣ್ಯ. ತೂಕ, ಅಂಚು, ಅಕ್ಷರ ಯಾವುದರಲ್ಲೂ ಕೂದಲೆಳೆಯ ಲೋಪವಿಲ್ಲ.

"ಇದು ನನ್ನ ಅಂಗಡಿಗೆ ಯಾಕಮ್ಮಾ ಬರಲಿಲ್ಲ?" ಎಂದರು.

ಸೋತವನ ಕಿವಿಯನ್ನು ಕಂಡು ನಕ್ಕರು. ಚೀಟಿಗಳನ್ನೂ ಬಿಡದೆ ಓದಿದರು. ಗಂಡ ಕುರ್ಚಿಯ ತುದಿಗೆ ಬಂದು ಕುಳಿತಿದ್ದ. ಅಜ್ಜ ಐದನೆಯದನ್ನು ಬೆರಳ ತುದಿಯಲ್ಲಿ ಎತ್ತಿ ಒಮ್ಮೆ ತೂಗಿದಂತೆ ಮಾಡಿ, ಭೂತಗನ್ನಡಿಯನ್ನೂ ಹಿಡಿಯದೆ ಕೆಳಗಿಟ್ಟರು.

"ಇದು ಖೋಟಾ."

ಗಂಡ ಅಜ್ಜನನ್ನು ನೋಡಿದ, ಆಮೇಲೆ ಹೆಂಡತಿಯನ್ನು. ಅವಳ ಮುಖದಲ್ಲಿ ಆಶ್ಚರ್ಯವಿಲ್ಲದ್ದು ಅವನಿಗೆ ತಕ್ಷಣ ಕಂಡಿತು.

"ನಿನಗೆ ಗೊತ್ತಿತ್ತಾ?"

"ಹೂಂ. ನೀವು ತಂದ ದಿನವೇ ತೂಗಿದ್ದೆ."

"ಒಂಬತ್ತು ವರ್ಷ?"

"ಒಂಬತ್ತು ವರ್ಷ."

"ಬಂದವರಿಗೆಲ್ಲ ನಾನು ತೋರಿಸ್ತಿದ್ದಾಗ ನೀನು ಪಕ್ಕದಲ್ಲೇ ನಿಂತಿರ್ತಿದ್ದೆ. ನಗು ಬರ್ಲಿಲ್ವಾ?"

"ಒಂದು ಸಲವೂ ಬರ್ಲಿಲ್ಲ, ರೀ."

ಅವನು ತಲೆ ತಗ್ಗಿಸಿದ. ಮೊದಲೇ ಹೇಳಿದ್ದರೆ ಇವನ ಮುಖ ಹೀಗೆ ಬೇರೆಯವರ ಮುಂದೆ ಸಣ್ಣದಾಗುತ್ತಿರಲಿಲ್ಲ ಎಂದು ಅವಳಿಗೆ ಹೊಳೆಯಿತು. ಹಡಗಿನ ಮಾತು ಹಾಗಿರಲಿ, ಸದ್ಯ ಇವನು ತಲೆ ಎತ್ತಿದರೆ ಸಾಕಾಗಿತ್ತು.

ಅಜ್ಜ ಏಳಲು ಹೊರಟವರು ಚೀಟಿ ಎತ್ತಿಕೊಂಡು ಮತ್ತೆ ಓದಿದರು. "ಖೋಟಾ ಅಂತ ಗೊತ್ತಿಲ್ದೆ ಇಟ್ಕೊಂಡೋರನ್ನ ಬೇಕಾದಷ್ಟು ಜನ ನೋಡಿದೀನಿ. ಗೊತ್ತಿದ್ದೂ ಇಟ್ಕೊಂಡೋಳು ನೀನೊಬ್ಬಳೇ. ತೂಗಿದೆ ಅಂದೆ. ತೂಗಿದ ಮೇಲೆ ನೋಡಿದ್ಯಾ?"

"ತೂಕವೇ ತಪ್ಪಿದ ಮೇಲೆ ನೋಡೋದೇನಿದೆ ಅಜ್ಜಾ?"

"ಮಿಲಿಗ್ರಾಂ ಅಕ್ಕ ಅಂತ ಸುಮ್ಮನೆ ಹೆಸರಿಟ್ಟಿಲ್ಲ ಜನ," ಎಂದು ಗೊಣಗಿ, ನಾಣ್ಯವನ್ನು ಕಿಟಕಿಯ ಬೆಳಕಿಗೆ ಒಯ್ದರು. ಈ ಸಲ ಭೂತಗನ್ನಡಿ ಕಣ್ಣಿಗೆ ಏರಿತು. ಬಹಳ ಹೊತ್ತು ಇಳಿಯಲೇ ಇಲ್ಲ. ಆಮೇಲೆ ಅವಳನ್ನು ಕರೆದು ಭೂತಗನ್ನಡಿ ಕೊಟ್ಟರು.

"ರಾಜನ ಕೆನ್ನೆ ನೋಡು."

ಕೆನ್ನೆಯ ಉಬ್ಬಿನ ಮೇಲೆ, ಮೂಗಿನ ತುದಿಯಲ್ಲಿ, ಬೆಳ್ಳಿ ಸವೆದು ಕೆಂಪು ತಾಮ್ರ ಕಾಣುತ್ತಿತ್ತು. ಯಾರೂ ಉಜ್ಜಿದ್ದಲ್ಲ, ಸಾವಿರಾರು ಬೆರಳುಗಳ ಸವೆತ.

"ನಿನ್ನೆ ಮೊನ್ನೆ ಮಾಡಿದ ಖೋಟಾ ಅಲ್ಲಮ್ಮಾ ಇದು. ಆ ರಾಜ ಬದುಕಿದ್ದಾಗಲೇ ಯಾವನೋ ಮನೆಯಲ್ಲಿ ಕೂತು ಮಾಡಿದ್ದು. ಜನ ಇದನ್ನ ಬಳಸಿದಾರೆ. ಈಗ ಅಂಚು ನೋಡು."

ಅಂಚಿನಲ್ಲಿ ಉಳಿಯಿಂದ ಹೊಡೆದ ಕಚ್ಚು. ಒಳಗಿನ ಲೋಹ ಯಾವುದೆಂದು ಪರೀಕ್ಷಿಸಲು ಯಾವನೋ ವ್ಯಾಪಾರಿ ಹೊಡೆದದ್ದು.

"ಅಂದ್ರೆ ಸಿಕ್ಕಿಬಿದ್ದಿದೆ," ಎಂದಳು.

"ಸಿಕ್ಕಿಬಿದ್ದಿದೆ. ಆ ಕಚ್ಚಿನ ಅಂಚುಗಳು ಹೇಗಿವೆ?"

ಅವಳು ಭೂತಗನ್ನಡಿಯನ್ನು ಹತ್ತಿರ ಮಾಡಿದಳು. ಕಚ್ಚಿನ ತುಟಿಗಳು ಚೂಪಾಗಿರಲಿಲ್ಲ. ರಾಜನ ಕೆನ್ನೆಯಂತೆಯೇ ನುಣ್ಣಗೆ ಸವೆದಿದ್ದವು. ಅವಳು ಕಣ್ಣು ತೆಗೆಯದೆ ನಿಧಾನವಾಗಿ ಹೇಳಿದಳು. "ಕಚ್ಚು ಬಿದ್ದ ಮೇಲೂ ಸವೆದಿದೆ. ಹಾಗಾದ್ರೆ ಸಿಕ್ಕಿಬಿದ್ದ ಮೇಲೂ ಇದು ಚಲಾವಣೆಯಲ್ಲಿತ್ತು."

"ಗೊತ್ತಾದೋನು ಬಿಸಾಕಲಿಲ್ಲ, ಪಕ್ಕದವನಿಗೆ ದಾಟಿಸಿದ," ಎಂದರು ಅಜ್ಜ. "ಅವನು ಇನ್ನೊಬ್ಬನಿಗೆ."

"ಕೊನೆಗೆ ಒಬ್ಬ ನನಗೆ," ಎಂದ ಗಂಡ ಕುರ್ಚಿಯಿಂದಲೇ. ಅವನ ತಲೆ ಮೇಲೆದ್ದಿತ್ತು. ಅತ್ತೆ ಮೊದಲು ನಕ್ಕರು, ಆಮೇಲೆ ಎಲ್ಲರೂ.

ಅವಳಿಗೆ ಮಾತ್ರ ನಗುವಿನ ಜೊತೆ ನಾಚಿಕೆಯೂ ಆಯಿತು. ಒಂದೇ ಒಂದು ಅಳತೆ ತೆಗೆದುಕೊಂಡು ಕಡತ ಮುಚ್ಚಿಬಿಟ್ಟಿದ್ದಳು. ಕಾಲೇಜಿನ ಪ್ರಯೋಗಾಲಯದಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವಳೇ ಮೊದಲು ಆಕ್ಷೇಪ ಎತ್ತುತ್ತಿದ್ದಳು.

ಅಜ್ಜ ಜೇಬಿನಿಂದ ಹಡಗನ್ನು ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ವರ್ಷದಲ್ಲಿ ಇಂಥದ್ದು ಮೂರೇ ನೋಡಿದೀನಿ. ಇದನ್ನ ನನಗೆ ಕೊಡು, ಹಡಗು ತಗೋ."

"ಕೊಟ್ಟುಬಿಡು," ಎಂದ ಗಂಡ ಎದ್ದು ಬಂದು. ಅವನ ಬೆನ್ನು ಎರಡಂಗುಲ ನೆಟ್ಟಗಾಗಿತ್ತು. "ಆರು ವರ್ಷದಿಂದ ಹಡಗು ಹಡಗು ಅಂತಿದೀಯ. ನಾನೇ ತಂದುಕೊಟ್ಟ ಹಾಗಾಯ್ತಲ್ಲ." ನಂತರ ಅಜ್ಜನ ಕಡೆ ತಿರುಗಿ, "ಮೂರೇ ನೋಡಿದೀರಾ? ಹಾಗಾದ್ರೆ ಮೇಲೆ ಇನ್ನೇನಾದ್ರೂ ಕೊಡ್ಬೇಕಾಗುತ್ತಲ್ಲ?"

"ಸುಮ್ನಿರೋ," ಎಂದರು ಅತ್ತೆ. "ಈಗ ತಾನೇ ಮುಖ ಬಾಡಿತ್ತು, ಆಗಲೇ ವ್ಯಾಪಾರಕ್ಕೆ ನಿಂತ."

ಅವಳು ಹಡಗನ್ನು ನೋಡಿದಳು. ಬಾವುಟ ಎಂದಿನಂತೆ ಹಾಯಿಯ ಮಾತು ಕೇಳದೆ ತನ್ನ ಪಾಡಿಗೆ ಹಾರುತ್ತಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಕೈ ಚಾಚಿದಳು, ಆದರೆ ಅದು ಹೋದದ್ದು ಒಂಬತ್ತನೇ ಗುಳಿಗೆ.

"ಇದನ್ನ ತಗೊಳ್ಳಿ ಅಜ್ಜಾ."

ಅಜ್ಜ ಹೊಳೆಯುವ ನಾಣ್ಯವನ್ನು ನೋಡಿ, ಅವಳನ್ನು ನೋಡಿದರು. "ಇದು ಹಡಗಿನ ಮೂರರಷ್ಟು ಬಾಳುತ್ತಮ್ಮ. ತಮಾಷೆ ಮಾಡ್ಬೇಡ."

"ಇದನ್ನ ಮಾಡಿದೋನು ಏನು ತೀರ್ಮಾನ ಮಾಡಿದ ಅಂತ ಇವತ್ತಿನವರೆಗೂ ನನಗೆ ಗೊತ್ತಾಗಿಲ್ಲ. ಎಲ್ಲಾ ಸರಿಯಾಗಿದೆ ಅಂತ ಇಟ್ಕೊಂಡಿದ್ದೆ, ಅಷ್ಟೇ. ಯಾರ ಕೈಗೂ ಹೋಗಿಲ್ಲ ಇದು. ಐದನೆಯದು ನಮ್ಮನೇಲೇ ಇರಲಿ."

"ಖೋಟಾ ಇರೋ ತಟ್ಟೆಗೆ ನಾನು ಕೊಡಲ್ಲ ಅಂತ ಗೊತ್ತಲ್ಲ?"

"ಗೊತ್ತು," ಎಂದಳು. "ಹಾಗಿದ್ರೆ ಹಡಗು ಬೇಡ."

ಅಜ್ಜ ಮೂಗು ಉಜ್ಜಿಕೊಂಡರು. ಕಿಟಕಿಯಾಚೆ ನೋಡಿದರು. ಬದುಕಿನಲ್ಲಿ ತಾವೇ ಮಾಡಿಕೊಂಡ ನಿಯಮವನ್ನು ಮುರಿಯದೆ ಬಗ್ಗಿಸುವುದು ಹೇಗೆಂದು ಯೋಚಿಸುತ್ತಿರುವವರಂತೆ ಕಂಡರು.

"ಖೋಟಾನ ಅಸಲಿ ಅಂತ ಇಟ್ರೆ ನನ್ನ ತಕರಾರು," ಎಂದರು ಕೊನೆಗೆ. "ಖೋಟಾ ಅಂತಲೇ ಬರೆದಿಟ್ರೆ ನಾನ್ಯಾಕೆ ಬೇಡ ಅನ್ನಲಿ? ಬರಿ, ನನ್ನೆದುರಿಗೇ ಬರಿ."

ಅವಳು ಹೊಸ ಚೀಟಿ ತಂದಳು. ಒಂದು ವಾಕ್ಯಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. 'ಖೋಟಾ' ಎಂಬ ಮಾತು ಮೊದಲಿಗೇ ಬರುವುದು ಬೇಡ, ನೋಡಿದವರು ಮುಂದೆ ಓದುವುದಿಲ್ಲ ಎಂದ ಗಂಡ. ಕೊನೆಗಾದರೂ ಬರಲೇಬೇಕು ಎಂದರು ಅಜ್ಜ. ತಂದವನ ವಿಷಯ ಬಿಟ್ಟೇಹೋಯಿತಲ್ಲ ಎಂದು ಗಂಡ ಮತ್ತೆ ಎಳೆದ. ಹಳೇ ಚೀಟಿಯೂ ಕೆಳಗೆ ಹಾಗೇ ಇರುತ್ತದೆ, ಈ ಗುಳಿಗೆ ಮಾತ್ರ ಎರಡು ವಾಕ್ಯ ಎಂದು ಅವಳು ತೀರ್ಪು ಕೊಟ್ಟಳು. ಕೊನೆಗೆ ಬರೆದದ್ದು ಹೀಗಿತ್ತು: "ಗುಟ್ಟು ಬಯಲಾದ ಮೇಲೂ ಬಹಳ ಕಾಲ ಕೈಯಿಂದ ಕೈಗೆ ದಾಟಿದ ಖೋಟಾ ನಾಣ್ಯ."

ಅಜ್ಜ ಎರಡು ಸಲ ಓದಿ, ಒಂಬತ್ತನೆಯದನ್ನು ಜೇಬಿಗಿಳಿಸಿ, ವ್ಯತ್ಯಾಸದ ದುಡ್ಡನ್ನು ಮಾರನೇ ದಿನ ಔಷಧಿ ಅಂಗಡಿಗೇ ತಂದುಕೊಡುವುದಾಗಿ ಹೇಳಿ ಹೊರಟರು. ಗಂಡ ಬೀದಿಯ ತಿರುವಿನವರೆಗೂ ಅವರ ಜೊತೆ ನಡೆದು, ಆ ನಾಣ್ಯವನ್ನು ತಾನು ಕೊಂಡ ಕಥೆಯನ್ನು ಮೊದಲಿನಿಂದ ಹೇಳಿ ಬಂದ.

ಅವನು ತಿರುಗಿ ಬಂದಾಗ ಅವಳು ಕಿಟಕಿಯ ಬಳಿ ಹಡಗನ್ನೂ ತನ್ನ ಭೂತಗನ್ನಡಿಯನ್ನೂ ಹಿಡಿದು ಕುಳಿತಿದ್ದಳು. ಒಳಗಿನಿಂದ ಅತ್ತೆ ಊಟಕ್ಕೆ ಎರಡನೇ ಸಲ ಕೂಗಿದರು.

"ತೂಗಿದ್ಯಾ?" ಎಂದು ಕೇಳಿದ ಗಂಡ.

"ಆಮೇಲೆ. ಇಲ್ಲಿ ಬನ್ನಿ, ಬಾವುಟದ ಕೆಳಗೆ ಒಂದು ಹಗ್ಗದ ಏಣಿ ಇದೆ. ಇಷ್ಟು ದಿನ ನಾನು ನೋಡೇ ಇರಲಿಲ್ಲ."

ಅವನು ಬಗ್ಗಿ ಭೂತಗನ್ನಡಿಯಲ್ಲಿ ಕಣ್ಣಿಟ್ಟ. "ಎಷ್ಟು ಮೆಟ್ಟಿಲು?"

"ಹನ್ನೊಂದು ಎಣಿಸಿದೀನಿ. ಬೆಳಕಿಗೆ ಅಡ್ಡ ಬರಬೇಡಿ."