ರುಚಿ ನೋಡುವವಳ ಊಟ

"ಸುಳ್ಳು ಹೇಳ್ತಿದೀನಿ ಅಂತ ಅನ್ನಿಸಿದ್ರೆ ಹಾಗೇ ಹೇಳಿಬಿಡಿ ಮೇಡಂ," ಎಂದಳು ಅಡುಗೆಯವಳು, ಮಡಿಲಲ್ಲಿದ್ದ ಕೈಚೀಲದ ಹಿಡಿಯನ್ನು ತಿರುಚುತ್ತ.

ಆಹಾರ ಚಿಕಿತ್ಸಕಿ ಹಾಗೆ ಹೇಳಲಿಲ್ಲ. ಮೇಜಿನ ಮೇಲಿದ್ದ ರಕ್ತಪರೀಕ್ಷೆಯ ವರದಿಯನ್ನೊಮ್ಮೆ, ಎದುರಿನ ಕುರ್ಚಿಯನ್ನು ತುಂಬಿ ಕುಳಿತಿದ್ದ ಹೆಂಗಸನ್ನೊಮ್ಮೆ ನೋಡಿದಳು. ವರದಿಗೂ ಮೈಗೂ ತಾಳೆಯಾಗುತ್ತಿತ್ತು. ತಾಳೆಯಾಗದೆ ಉಳಿದದ್ದು ಬಾಯಿಮಾತು ಮಾತ್ರ. ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಎಲ್ಲರದೂ ಮುಗಿದ ಮೇಲೆ ಒಂದು ಹಿಡಿ ಅನ್ನ, ರಾತ್ರಿ ಮನಸ್ಸಾದರೆ ಒಂದು ಹಣ್ಣು. ಇಷ್ಟೇ ತಿನ್ನುವವಳ ರಕ್ತದಲ್ಲಿ ಇಷ್ಟೊಂದು ಸಕ್ಕರೆ ಹೇಗೆ ಸೇರಿತು?

ಸಾಕ್ಷಿಗೆಂದು ಬಂದಿದ್ದ ಗಂಡ, ಬಸ್ಸು ಓಡಿಸಿ ನಿವೃತ್ತನಾದ ಕೃಶ ಮನುಷ್ಯ, ಬಾಯಿ ಹಾಕಿದ. "ಇವಳು ಕೋಳಿ ಕೆದಕಿದ ಹಾಗೆ ಕೆದಕಿ ಎದ್ದುಬಿಡ್ತಾಳೆ ಮೇಡಂ. ಹೊಟ್ಟೆ ತುಂಬ ತಿನ್ನೋನು ನಾನು, ಮೈ ಬರೋದು ಇವಳಿಗೆ. ನನ್ನ ಪಾಲಿಂದೂ ಅಲ್ಲಿಗೇ ಹೋಗಿ ಸೇರ್ತಿದೆಯೋ ಏನೋ."

ಅಡುಗೆಯವಳಿಗೆ ನಗು ಬರಲಿಲ್ಲ. ಅವಳ ಕಾಲ್ಬೆರಳುಗಳು ಕೆಲವು ತಿಂಗಳುಗಳಿಂದ ಮರಗಟ್ಟಿ ಅವಳವಾಗಿ ಉಳಿದಿರಲಿಲ್ಲ. ಕುದಿಯುವ ನೀರು ಪಾದದ ಮೇಲೆ ಚೆಲ್ಲಿದ್ದು ಬೊಬ್ಬೆ ಎದ್ದ ಮೇಲೆಯೇ ತಿಳಿದದ್ದು. ಸಕ್ಕರೆ ಇಳಿಯದಿದ್ದರೆ ಒಲೆಯ ಮುಂದೆ ನಿಲ್ಲುವ ಕೆಲಸವನ್ನು ಬಿಡಬೇಕಾಗುತ್ತದೆ, ಅಷ್ಟಕ್ಕೂ ಬಗ್ಗದಿದ್ದರೆ ಪಾದವನ್ನೇ ಬಿಡಬೇಕಾದೀತು ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿ ಇಲ್ಲಿಗೆ ಕಳಿಸಿದ್ದರು. ಗಿರಣಿಯ ಕ್ಯಾಂಟೀನಿನಲ್ಲಿ ಅವಳು ಬರಿಯ ಅಡುಗೆಯವಳಲ್ಲ, ಎಲ್ಲರ ಬಾಯಲ್ಲೂ 'ದೊಡ್ಡಮ್ಮ'. ಅವಳ ನಾಲಿಗೆ ಒಪ್ಪದ ಹಂಡೆ ಒಲೆಯಿಂದ ಇಳಿಯುತ್ತಿರಲಿಲ್ಲ.

"ನಿಮಗೆ ಹಸಿವು ಯಾವಾಗ ಆಗುತ್ತೆ?" ಎಂದು ಚಿಕಿತ್ಸಕಿ ಕೇಳಿದಳು.

ಅಡುಗೆಯವಳು ಉತ್ತರ ಅವನಲ್ಲಿದ್ದೀತೇನೋ ಎಂಬಂತೆ ಗಂಡನ ಮುಖ ನೋಡಿದಳು.

ಹಾಗಾದರೆ ಬೆಳಗಿನ ಕೆಲಸವನ್ನೇ ವಿವರವಾಗಿ ಹೇಳಿ ಎಂದು ಚಿಕಿತ್ಸಕಿ ಕೇಳಿದಾಗ ಮಾತು ಸರಾಗವಾಯಿತು. ಹಂಡೆ ಏರಿಸುವುದು, ಬೇಳೆ ಬೇಯಿಸುವುದು, ಈರುಳ್ಳಿ ಬಾಡಿಸುವುದು, ಹಾಲು ಸಕ್ಕರೆ ಕಾಯಿಸಿ ಸಿಹಿ ಮಾಡುವುದು. ಹೇಳುತ್ತ ಹೇಳುತ್ತ ಅವಳ ಬಲಗೈ ಇಲ್ಲದ ಸೌಟನ್ನು ಎತ್ತಿತು, ಎಡ ಅಂಗೈ ಬಟ್ಟಲಾಯಿತು, ಆ ಅಂಗೈ ತುಟಿಯ ತನಕ ಹೋಗಿ ಮರಳಿತು. ಮತ್ತೊಂದು ಪದಾರ್ಥ, ಮತ್ತೆ ಅಂಗೈ. ಚಿಕಿತ್ಸಕಿ ಪೆನ್ನು ಕೆಳಗಿಟ್ಟಳು.

"ಅದನ್ನ ಲೆಕ್ಕಕ್ಕೆ ಹಿಡಿದ್ರಾ?"

"ಯಾವುದನ್ನ?"

"ರುಚಿ ನೋಡೋದನ್ನ."

"ಅದು ಕೆಲಸ ಅಲ್ವಾ ಮೇಡಂ? ತಿನ್ನೋದು ಹೇಗಾಗುತ್ತೆ?"

ಅವಳ ಗೊಂದಲ ನಿಜವಾದದ್ದೆಂದು ಚಿಕಿತ್ಸಕಿಗೆ ಖಾತ್ರಿಯಾಯಿತು. ಆದ್ದರಿಂದ ಉಪದೇಶಕ್ಕೆ ಹೋಗದೆ ಒಂದೇ ಒಂದು ಕೆಲಸ ಒಪ್ಪಿಸಿದಳು: ಅಂಗೈಗೆ ಹಾಕಿಕೊಂಡಷ್ಟನ್ನೇ ಪ್ರತಿ ಸಲವೂ ಪಕ್ಕದ ಒಂದು ಪಾತ್ರೆಗೂ ಹಾಕಬೇಕು.

ಮರುದಿನ ಅಡುಗೆಯವಳು ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲಿನ ಡಬರಿ ಇಟ್ಟಳು. ಬೇಳೆ, ಈರುಳ್ಳಿ ಮಸಾಲೆ, ಹಾಲು, ಸಿಹಿ, ಮತ್ತೆ ಬೇಳೆ. ಗಿರಣಿಯ ಸೈರನ್ ಕೂಗುವ ಹೊತ್ತಿಗೆ ಡಬರಿ ಕಂಠಮಟ್ಟ ತುಂಬಿತ್ತು. ಮೇಲೆ ಜಿಡ್ಡಿನ ಕೆನೆ ಕಟ್ಟಿತ್ತು. ಅವಳ ಸಹಾಯಕಿ, ಕೈಚುರುಕಿಗಾಗಿ 'ಚೂಟಿ' ಎನ್ನಿಸಿಕೊಂಡವಳು, ಬಗ್ಗಿ ನೋಡಿ ಮೂಗು ಮುಚ್ಚಿಕೊಂಡಳು.

"ಇದ್ಯಾರಿಗೆ ದೊಡ್ಡಮ್ಮ, ಗೇಟಿನ ಹತ್ರ ಇರೋ ನಾಯಿಗಾ?"

"ನನಗೆ ಕಣೇ. ಆಗಲೇ ತಿಂದಾಯ್ತಂತೆ."

ಆ ಡಬರಿಯನ್ನು ಚೆಲ್ಲಲೂ ಮನಸ್ಸಾಗದೆ, ದಿಟ್ಟಿಸಲೂ ಆಗದೆ ಅವಳು ಅದರ ಮೇಲೊಂದು ತಟ್ಟೆ ಮುಚ್ಚಿದಳು. ಇಷ್ಟು ವರ್ಷ ಇಷ್ಟನ್ನೂ ಉಂಡವಳು ತಾನೆಂದರೆ ನಂಬಿಕೆ ಹುಟ್ಟದು. ಉಂಡ ನೆನಪೇ ಇಲ್ಲವಲ್ಲ.

ಅಲ್ಲಿಂದ ಮುಂದೆ ರುಚಿ ನೋಡುವ ಭಾರ ಚೂಟಿಯದಾಯಿತು. ಅಡುಗೆಯವಳು ಹೊತ್ತಿಗೆ ಸರಿಯಾಗಿ ತಟ್ಟೆ ಹಾಕಿಕೊಂಡು, ಮೇಜಿನ ಮುಂದೆ ಕುಳಿತು ಉಣ್ಣಬೇಕೆಂದು ಚಿಕಿತ್ಸಕಿಯ ಕಟ್ಟುನಿಟ್ಟು. ಅವಳು ಎಡಗೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೆಲಸ ಮಾಡಿದಳು. ಚೂಟಿ ಗೊಣಗಿದಳು; ಸಮುದ್ರದಂಥ ನಾಲಿಗೆ ಅಡುಗೆಮನೆಯಲ್ಲಿರುವಾಗ ತನ್ನ ಹನಿ ನಾಲಿಗೆಯನ್ನು ಯಾಕೆ ಶೂಲಕ್ಕೇರಿಸುತ್ತೀರಿ ಎಂದಳು. ಒಂದು ದಿನ ಬೇಳೆ ಉಪ್ಪಾಯಿತು, ಮತ್ತೊಂದು ದಿನ ಸಪ್ಪೆಯಾಯಿತು. ದೊಡ್ಡಮ್ಮನಿಗೆ ಈಚೆಗೆ ಕೈ ತಪ್ಪುತ್ತಿದೆ ಎಂದು ಕೆಲಸಗಾರರು ಆಡಿಕೊಂಡದ್ದು ಅವಳ ಕಿವಿಗೂ ಬಿತ್ತು. ಸಕ್ಕರೆ ಮಾತ್ರ ಇಳಿಯತೊಡಗಿತ್ತು.

ಹೀಗಿರಲು ಒಂದು ದಿನ, ಈರುಳ್ಳಿ ಬಾಡಿಸುತ್ತಿದ್ದಾಗ, ಅವಳ ಹೊಟ್ಟೆಯೊಳಗೆ ಏನೋ ಕುಸಿಯಿತು. ಯಾರೋ ಒಳಗಿನಿಂದ ಹಿಡಿದು ಹಿಂಡಿದಂತಾಯಿತು. ಬಾಯಲ್ಲಿ ನೀರೂರಿತು, ಕಾರಣವಿಲ್ಲದೆ ಚೂಟಿಯ ಮೇಲೆ ಸಿಟ್ಟು ಬಂತು. ರೋಗ ಕಾಲನ್ನು ಬಿಟ್ಟು ಹೊಟ್ಟೆಗೆ ಏರಿತೆಂದು ಹೆದರಿ ಅವಳು ಉಗ್ರಾಣಕ್ಕೆ ನುಗ್ಗಿ, ಮೂಟೆಗಳ ನಡುವೆ ಕುಳಿತು, ಚಿಕಿತ್ಸಕಿಗೆ ಫೋನು ಮಾಡಿದಳು.

ಚಿಕಿತ್ಸಕಿ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳಲು ಹೇಳಿದಳು. ಕೈಚೀಲದಿಂದ ಯಂತ್ರ ತೆಗೆದು ನೋಡಿದರೆ ಎಲ್ಲ ಸರಿಯಾಗಿತ್ತು. ಬೆವರು? ಇಲ್ಲ. ಕಣ್ಣು ಮಂಜು? ಅದೂ ಇಲ್ಲ. ಕೊನೆಯ ಊಟ? ಬೆಳಿಗ್ಗೆ ನೀವು ಹೇಳಿದಷ್ಟೇ.

ಚಿಕಿತ್ಸಕಿಗೆ ಈಗ ತಿಳಿಯಿತು. "ಅಮ್ಮಾ, ಅದು ಹಸಿವು."

"ಹಸಿವು ಹೀಗಿರುತ್ತಾ?"

"ಹೀಗೇ ಇರುತ್ತೆ. ಹೋಗಿ ಕೂತು ಊಟ ಮಾಡಿ."

ಫೋನು ಇಟ್ಟಮೇಲೂ ಅವಳು ಏಳಲಿಲ್ಲ. ಚಿಕ್ಕಮ್ಮನ ಸೆರಗು ಹಿಡಿದು ಅಡುಗೆಮನೆ ಹೊಕ್ಕಾಗ ಅವಳಿನ್ನೂ ಲಂಗ ತೊಡುವ ಹುಡುಗಿ. ಅಂದಿನಿಂದ ಅಂಗೈ ಬರಿದಾದದ್ದೇ ಇಲ್ಲ, ಹೊಟ್ಟೆ ಖಾಲಿಯಾದದ್ದೂ ಇಲ್ಲ. ಸೈರನ್ ಕೂಗಿದೊಡನೆ ಒಬ್ಬರನ್ನೊಬ್ಬರು ನೂಕಿಕೊಂಡು ಬರುವ ಕೆಲಸಗಾರರನ್ನು ಅವಳು ದಿನವೂ ಗದರಿಸುತ್ತಿದ್ದಳು: ಒಂದು ನಿಮಿಷ ತಡೆಯೋಕಾಗಲ್ವಾ, ಊಟ ಕಾಣದೋರ ಹಾಗೆ? ಅವರಿಗೆ ನಡತೆ ಸಾಲದೆಂದೇ ಅವಳು ತಿಳಿದಿದ್ದಳು. ಹೊಟ್ಟೆಯೊಳಗೆ ಇದನ್ನು ಇಟ್ಟುಕೊಂಡು ಅವರು ಸಾಲಿನಲ್ಲಿ ನಿಂತದ್ದಾದರೂ ಹೇಗೆ?

ಚೂಟಿ ತಟ್ಟೆಗೆ ಅನ್ನ ಹಾಕಿ ಮೇಲೆ ತರಕಾರಿ ಬೇಳೆ ಬಡಿಸಿದಳು. ಅಡುಗೆಯವಳು ಉದ್ದನೆಯ ಬೆಂಚಿನ ತುದಿಯಲ್ಲಿ ಕುಳಿತು ಮೊದಲ ತುತ್ತು ಬಾಯಿಗಿಟ್ಟಳು. ಕಣ್ಣು ತಾನಾಗಿ ಮುಚ್ಚಿತು. ಎರಡನೆಯ ತುತ್ತಿಗೆ ಕೈ ಕಾಯಲಿಲ್ಲ.

"ಉಪ್ಪು ಹೇಗಿದೆ ದೊಡ್ಡಮ್ಮ? ಇವತ್ತೊಂದು ದಿನ ನೀವೇ ಹೇಳಿಬಿಡಿ. ನಂಗ್ಯಾಕೋ ಧೈರ್ಯ ಇಲ್ಲ."

ಊಟಕ್ಕೆ ಕುಳಿತವಳನ್ನು ಕೇಳುವುದರಲ್ಲಿ ತಪ್ಪೇನಿದೆ? ಅಡುಗೆಯವಳು ತುತ್ತನ್ನು ನಾಲಿಗೆಯ ಮೇಲೆ ನಿಲ್ಲಿಸಿಕೊಂಡಳು. ಚೆನ್ನಾಗಿತ್ತು. ಇನ್ನೊಂದು ತುತ್ತು ತೆಗೆದುಕೊಂಡು, ಈರುಳ್ಳಿಯನ್ನು ಬಿಟ್ಟು, ಬರಿಯ ಬೇಳೆಯನ್ನು ಹಿಡಿದು ನೋಡಿದಳು. ಅದೂ ಚೆನ್ನಾಗಿತ್ತು. ಬರಿಯ ಅನ್ನವೂ ಚೆನ್ನಾಗಿತ್ತು. ಹುಡುಕಿದರೂ ಹಸಿದ ನಾಲಿಗೆಯಲ್ಲಿ ಬೇರೆ ಮಾತಿರಲಿಲ್ಲ.

"ಗೊತ್ತಾಗ್ತಿಲ್ಲ ಕಣೇ," ಎಂದಳು.

"ತಮಾಷೆ ಮಾಡಬೇಡಿ. ಸೈರನ್ ಆಗೋಯ್ತು."

"ನಿಜವಾಗ್ಲೂ ಗೊತ್ತಾಗ್ತಿಲ್ಲ."

ಹೊರಗೆ ಹೆಜ್ಜೆಗಳ ಸದ್ದು ದಟ್ಟವಾಯಿತು. ಚೂಟಿ ಹಂಡೆಯ ಬಳಿಗೆ ಓಡಿ, ಅಂಗೈಗೆ ಸುರಿದುಕೊಂಡು ನೆಕ್ಕಿದಳು, ಹುಬ್ಬು ಗಂಟಿಕ್ಕಿದಳು, ಡಬ್ಬಿಯಿಂದ ಒಂದು ಹಿಡಿ ಉಪ್ಪು ತೆಗೆದಳು. ಹಿಡಿದ ಮುಷ್ಟಿ ಹಂಡೆಯ ಮೇಲೆ ನಿಂತಿತು. ಹಬೆ ಅವಳ ಮಣಿಕಟ್ಟನ್ನು ಒದ್ದೆ ಮಾಡುತ್ತಿತ್ತು. ಅವಳು ತಿರುಗಿ ನೋಡಿದಳು.

ಅಡುಗೆಯವಳು ಆ ಮುಷ್ಟಿಯನ್ನೇ ನೋಡುತ್ತ, ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬಾಗಿಲು ತೆರೆದು ಮೊದಲ ಸಾಲು ಒಳನುಗ್ಗಿತು. ಅವಳ ಪಕ್ಕದಲ್ಲೇ ಯಾರೋ ತಟ್ಟೆ ಕುಕ್ಕಿ ಕುಳಿತರು. ಅವಳು ಸ್ವಲ್ಪ ಸರಿದು ಜಾಗ ಬಿಟ್ಟು, ಮತ್ತೊಂದು ತುತ್ತು ಕಲಸಿದಳು.